ಆರ್‌ಡಿಡಬ್ಲ್ಯೂ ಜಾಸ್ತಿ ಅಂದ ತಕ್ಷಣ ಗಾಬರಿ ಬೇಡ

ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟಿನಲ್ಲಿ ಆರ್‌ಡಿಡಬ್ಲ್ಯೂ ಅಂತ ಒಂದು ಸಾಲಿರುತ್ತದೆ. ಕೆಂಪು ರಕ್ತಕಣಗಳೆಲ್ಲ ಹೆಚ್ಚುಕಮ್ಮಿ ಒಂದೇ ಗಾತ್ರ ಇವೆಯಾ, ಚಿಕ್ಕವು ದೊಡ್ಡವು ಬೆರೆತಿವೆಯಾ ಅನ್ನೋದರ ಅಳತೆ ಅದು. ಸಾಮಾನ್ಯವಾಗಿ ಶೇ. 11.5ರಿಂದ 14.5ರೊಳಗೆ ಇರುತ್ತದೆ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಮೊದಲೆಲ್ಲ ಇದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಈಗ ಮೊಬೈಲ್‌ನಲ್ಲಿ ಹುಡುಕಿ, ‘ಇದು ಜಾಸ್ತಿ ಇದ್ದರೆ ಬೇಗ ಸಾವು’ ಅಂತ ಓದಿಕೊಂಡು ಕೌಂಟರಿಗೆ ಬರುತ್ತಾರೆ.

ಓದಿದ್ದು ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿದ್ದ, 45 ದಾಟಿದ ಸಾವಿರಾರು ಜನರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆರ್‌ಡಿಡಬ್ಲ್ಯೂ ಏರಿದಷ್ಟೂ ಸಾವಿನ ಅಪಾಯ ಹೆಚ್ಚು ಅಂತ ಅದರಲ್ಲಿ ಕಂಡುಬಂತು, ರಕ್ತಹೀನತೆ ಇಲ್ಲದವರಲ್ಲೂ. ಆದರೆ ಅದು ಗುಂಪಿನ ಲೆಕ್ಕ. ಕಬ್ಬಿಣ ಅಥವಾ ಬಿ12 ಕೊರತೆ, ಲಿವರ್, ಕಿಡ್ನಿ ತೊಂದರೆ, ಬಹುಕಾಲದ ಉರಿಯೂತ, ಇವೆಲ್ಲದರಲ್ಲೂ ಈ ಸಂಖ್ಯೆ ಏರಬಹುದು. ಯಾವುದರಿಂದ ಏರಿದೆ ಅಂತ ನೋಡದೆ ಒಬ್ಬರ ಆಯಸ್ಸು ಹೇಳೋಕಾಗಲ್ಲ.

ಒಮ್ಮೆ ಒಬ್ಬ ಹುಡುಗಿ ತಾಯಿಯ ಎರಡು ರಿಪೋರ್ಟ್ ಹಿಡಿದು ಬಂದಳು. ಮೊದಲನೆಯದರಲ್ಲಿ ಆರ್‌ಡಿಡಬ್ಲ್ಯೂ 18, ಮೂರು ವಾರದ ನಂತರ 23. “ಅಣ್ಣಾ, ಅಮ್ಮನಿಗೆ ಇನ್ನೂ ಜಾಸ್ತಿ ಆಗಿದೆಯಲ್ಲ?” ಅಂತ ಕಣ್ಣು ತುಂಬಿಕೊಂಡಿದ್ದಳು. ಹಿಮೋಗ್ಲೋಬಿನ್ ನೋಡಿದೆ, 7.8 ಇದ್ದದ್ದು 9.6 ಆಗಿತ್ತು. ಮಾತ್ರೆ ಏನು ತಗೋತಿದ್ದಾರೆ ಅಂತ ಕೇಳಿದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಶುರು ಮಾಡಿಸಿದ್ದರು. ಎರಡನೇ ರಿಪೋರ್ಟಿನ ಕೆಳಗಿದ್ದ, ಕಣಗಳ ಗಾತ್ರದ ಗ್ರಾಫ್ ತೋರಿಸಿದೆ. ಅದರಲ್ಲಿ ಎರಡು ಉಬ್ಬುಗಳಿದ್ದವು. ಎಡಗಡೆಯದು ಕಬ್ಬಿಣ ಸಿಗದೆ ಹುಟ್ಟಿದ ಹಳೆಯ ಚಿಕ್ಕ ಕಣಗಳದ್ದು, ಬಲಗಡೆಯದು ಮಾತ್ರೆಯಿಂದಾಗಿ ಈಗ ಹುಟ್ಟುತ್ತಿರುವ ಸರಿಯಾದ ಗಾತ್ರದ ಕಣಗಳದ್ದು. ಎರಡೂ ಬೆರೆತಿದ್ದರಿಂದ ಸಂಖ್ಯೆ ಏರಿತ್ತು. “ಔಷಧ ಹಿಡೀತಿರೋ ಹಾಗಿದೆ ಕಣಮ್ಮ, ಎರಡೂ ರಿಪೋರ್ಟ್ ಒಟ್ಟಿಗೆ ಡಾಕ್ಟರಿಗೆ ತೋರಿಸು” ಅಂದೆ.

ರಕ್ತ ಹಾಕಿಸಿಕೊಂಡವರಲ್ಲೂ ಹೀಗೇ ಆಗಬಹುದು. ಬೇರೆಯವರ ಕಣಗಳು ಸೇರಿರುತ್ತವೆ, ಅಲ್ವಾ? ಹಾಗಂತ ಕಾರಣ ಗೊತ್ತಿಲ್ಲದ ಏರಿಕೆಯನ್ನು ಸುಮ್ನೆ ಬಿಡಬಾರದು. ಹಿಮೋಗ್ಲೋಬಿನ್ ಸರಿ ಇದ್ದರೂ ಡಾಕ್ಟರಿಗೆ ತೋರಿಸಿ ಅಂತಲೇ ನಾನು ಹೇಳುವುದು.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಇದನ್ನೇ ಕಲಿಸುತ್ತೇನೆ: ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆಯುವಾಗಲೇ ಕಬ್ಬಿಣದ ಮಾತ್ರೆ, ಬಿ12 ಇಂಜೆಕ್ಷನ್, ಇತ್ತೀಚೆಗೆ ರಕ್ತ ಹಾಕಿಸಿದ್ದು, ಇವಿಷ್ಟನ್ನು ಕೇಳಿ ಫಾರಂನಲ್ಲಿ ಬರೆದುಬಿಡಿ. ಹಳೆಯ ರಿಪೋರ್ಟ್ ತಂದಿದ್ದರೆ ಅದನ್ನೂ ಜೊತೆಗಿಡಿ.