ನೀರು ನೋಡಿ ಕಾಗದ ಕೊಳ್ಳುವುದು

ಕಪ್ಪು ಬಿಳುಪು ಚಿತ್ರ ಮುದ್ರಿಸಲು ಯಾವ ಕಾಗದ ಒಳ್ಳೆಯದು ಎಂದು ಕೇಳುವವರನ್ನು, ನಿಮ್ಮ ಮನೆಯ ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬರುತ್ತದೆ ಎಂದು ನಾನು ಮೊದಲು ಕೇಳುತ್ತೇನೆ. ಬೆಂಗಳೂರಿನ ನಮ್ಮ ಮನೆಯಲ್ಲಿ ರಾತ್ರಿ ಬಚ್ಚಲುಮನೆಯೇ ಚಿತ್ರ ಮುದ್ರಿಸುವ ಕತ್ತಲ ಕೋಣೆ, ಡಾರ್ಕ್‌ರೂಮ್ ಆಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹರಿಯುವುದು ಟ್ಯಾಂಕರಿನ ನೀರು.

ಆರ್‌ಸಿ (ರೆಸಿನ್ ಕೋಟೆಡ್) ಕಾಗದದ ಎರಡೂ ಬದಿಗೆ ಪಾಲಿಥೀನ್ ಲೇಪವಿರುವುದರಿಂದ ರಾಸಾಯನಿಕಗಳು ಅದರ ನಾರಿಗೆ ಇಳಿಯುವುದಿಲ್ಲ. ಹರಿಯುವ ನೀರಿನಲ್ಲಿ 2 ನಿಮಿಷ ತೊಳೆದರೆ ಸಾಕು. ಅಂಥ ಲೇಪವಿಲ್ಲದ ಫೈಬರ್ ಕಾಗದದಲ್ಲಾದರೋ ಬೆಳಕಿಗೆ ಸ್ಪಂದಿಸುವ ಪದರವಾದ ಎಮಲ್ಷನ್ನಿನ ಕೆಳಗೆ ಬೇರಿಯಂ ಸಲ್ಫೇಟಿನ ಪದರವೊಂದಿದ್ದು, ಅದರಡಿಯ ನಾರು ಫಿಕ್ಸರನ್ನು (ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸುವ ದ್ರಾವಣ) ಹೀರಿಕೊಳ್ಳುವುದರಿಂದ, ಸುಮಾರು 1 ಗಂಟೆ ತೊಳೆಯದಿದ್ದರೆ ಕೆಲವು ವರ್ಷಗಳಲ್ಲಿ ಚಿತ್ರದ ಮೇಲೆ ಹಳದಿ ಕಲೆ ಮೂಡಬಹುದು. ನಡುವೆ ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಅದ್ದಿದರೆ ಈ ಅವಧಿ ಬಹಳ ತಗ್ಗುತ್ತದೆ, ನಿಜ. ಆದರೂ ಕಲಿಯುವ ಕಾಲದಲ್ಲಿ ಹತ್ತು ಹಾಳೆ ಕೆಡಿಸಿದರೆ ಒಂದು ಗೆಲ್ಲುತ್ತದೆ. ಕೆಡಿಸುವುದಕ್ಕೆ ಆರ್‌ಸಿಯೇ ಸರಿ.

ಎರಡನೆಯದು ಕಾಂಟ್ರಾಸ್ಟ್, ಅಂದರೆ ಚಿತ್ರದ ಕಪ್ಪು ಬಿಳುಪುಗಳ ನಡುವಿನ ಅಂತರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಕಾಗದ ನಮ್ಮ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ಕಾಲದಲ್ಲಿ ಸಾಫ್ಟ್, ನಾರ್ಮಲ್, ಹಾರ್ಡ್ ಎಂದು ಬೇರೆಬೇರೆ ಪೊಟ್ಟಣಗಳನ್ನು ಇಟ್ಟುಕೊಳ್ಳಬೇಕಾಗಿತ್ತು. ಇಲ್ಫೋರ್ಡ್ ಕಂಪನಿ 1940ರಲ್ಲಿ ತಂದ ಮಲ್ಟಿಗ್ರೇಡ್‌ನಂಥ ಕಾಗದಗಳಲ್ಲಿ, ನೀಲಿ ಬೆಳಕಿಗೆ ಸಮನಾಗಿಯೂ ಹಸಿರು ಬೆಳಕಿಗೆ ಒಂದೊಂದೂ ಬೇರೆ ಪ್ರಮಾಣದಲ್ಲಿಯೂ ಸ್ಪಂದಿಸುವ ಎಮಲ್ಷನ್ನುಗಳು ಬೆರೆತಿರುತ್ತವೆ. ನೆಗೆಟಿವ್ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್ಲಾರ್ಜರಿಗೆ ಹಳದಿ ಫಿಲ್ಟರ್ ಹಾಕಿದರೆ ಚಿತ್ರ ಮೆತ್ತಗಾಗುತ್ತದೆ, ಮಜೆಂಟಾ ಹಾಕಿದರೆ ಕಪ್ಪು ಬಿಳುಪುಗಳು ಗಡುಸಾಗಿ ಬೇರ್ಪಡುತ್ತವೆ. ಅತಿ ಮೆತ್ತಗಿನ 00ಯಿಂದ ಅತಿ ಗಡುಸಾದ 5ರವರೆಗಿನ ಫಿಲ್ಟರುಗಳಿದ್ದರೆ ಮಟ್ಟಮಧ್ಯಾಹ್ನ ತೆಗೆದ ನೆಗೆಟಿವ್‌ಗೂ ಮೋಡದ ದಿನದ್ದಕ್ಕೂ ಒಂದೇ ಪೊಟ್ಟಣ ಸಾಲುತ್ತದೆ. ಹಸಿರಿಗೂ ಸ್ಪಂದಿಸುವ ಕಾಗದವಾದ್ದರಿಂದ, ಹಳೆಯ ಬ್ರೋಮೈಡ್ ಕಾಗದಕ್ಕೆ ನಡೆಯುತ್ತಿದ್ದ ಹಳದಿ ದೀಪ ಇದಕ್ಕೆ ಆಗದು. ಕೆಂಪು ಅಥವಾ ತಿಳಿಗಂದು ಸೇಫ್‌ಲೈಟ್, ಅಂದರೆ ಕಾಗದವನ್ನು ಕೆಡಿಸದ ಮಂದ ದೀಪ, ಬೇಕು.

ಮೇಲ್ಮೈಯ ವಿಷಯದಲ್ಲಿ ನನಗೆ ಗ್ಲಾಸಿಯೇ ಇಷ್ಟ. ಮ್ಯಾಟ್ ಕಾಗದದಲ್ಲಿ ಕಪ್ಪು ಎಂದೂ ಪೂರ್ತಿ ಕಪ್ಪಾಗುವುದಿಲ್ಲ.

ಹಳೆಯ ಪೊಟ್ಟಣ ಅಗ್ಗಕ್ಕೆ ಸಿಕ್ಕರೆ ಒಂದು ಹಾಳೆಯನ್ನು ಸೇಫ್‌ಲೈಟಿನಡಿ ಎರಡು ತುಂಡು ಮಾಡಿ, ಒಂದನ್ನು ಬೆಳಕು ತೋರಿಸದೆಯೇ ಚಿತ್ರ ಮೂಡಿಸುವ ಡೆವಲಪರಿನಲ್ಲಿಟ್ಟು ಆಮೇಲೆ ಫಿಕ್ಸರಿಗೂ, ಇನ್ನೊಂದನ್ನು ನೇರವಾಗಿ ಫಿಕ್ಸರಿಗೂ ಹಾಕಿ ನೋಡಬೇಕು. ಮುಚ್ಚಿಹೋದ ಸ್ಟುಡಿಯೋ ಒಂದರಿಂದ ನಾನು ಆಸೆಪಟ್ಟು ತಂದ ಪೊಟ್ಟಣದಲ್ಲಿ ಮೊದಲ ತುಂಡು ಬೂದಿಯ ಬಣ್ಣಕ್ಕೆ ತಿರುಗಿತು, ಅಂದರೆ ಕಾಗದ ಕೆಟ್ಟಿತ್ತು. ಅಂದಿನಿಂದ ಹೊಸ ಕಾಗದವೂ ನಮ್ಮ ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ, ಮನೆಯವರ ಗೊಣಗಾಟದ ನಡುವೆ ಇರುತ್ತದೆ. ತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವ ತನಕ ಪೊಟ್ಟಣ ಬಿಚ್ಚಬಾರದು, ಇಲ್ಲವಾದರೆ ಹಾಳೆಗಳ ಮೇಲೆ ನೀರಹನಿ ಕಟ್ಟುತ್ತದೆ.

ಫೈಬರ್ ಕಾಗದದ ಪೊಟ್ಟಣವೊಂದನ್ನು ಮಾತ್ರ ಮಳೆಗಾಲಕ್ಕೆಂದು ಎತ್ತಿಟ್ಟಿದ್ದೇನೆ. ಆರ್‌ಸಿಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ ಚಿತ್ರಗಳಲ್ಲಿ, ಅಷ್ಟು ದಿನ ನೋಡಿದರೂ ಬೇಸರ ತರಿಸದ ನಾಲ್ಕೈದಕ್ಕೆ ಅದು ಮೀಸಲು.