ಸೂರಾಗ ಸಿಕ್ಕಿಸಿದ್ದ ಗ್ಲಾಸು

ಗಂಗಾವತಿ ಕಡೆ ಒಂದ್ ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಕಲಸ್ತೀನಿ. ಹೋದ ತಿಂಗಳು ಒಂಬತ್ತನೇ ಕ್ಲಾಸಿನವ್ರಿಗೆ ಒಂದ್ ಹೋಮ್‌ವರ್ಕ್ ಕೊಟ್ಟಿದ್ದೆ, ಮನ್ಯಾಗ ಅಜ್ಜಾ ಅಜ್ಜಿನ್ನ ಕೇಳ್ರಿ, ನೀವು ಸಣ್ಣಾವ್ರಿದ್ದಾಗ ಊರು ಹ್ಯಾಂಗಿತ್ತು ಅಂತ, ಅವ್ರು ಹೇಳಿದ್ದು ಹೇಳಿದಂಗ ಬರಕೊಂಡ್ ಬರ್ರಿ ಅಂತ.

ಒಬ್ಬಾಕಿ ಹುಡುಗಿ ಬರದಿದ್ಲು. ಅಕಿ ಅಜ್ಜಿ ಕೂಲಿ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಹೋಟೆಲ್ ಮುಂದ ನಿಂದರ್ತಿದ್ಲಂತ, ದಲಿತರಿಗಂತ ಬ್ಯಾರೆ ಸೂರಾಗ ಸಿಕ್ಕಿಸಿದ್ದ ಗ್ಲಾಸು ತಾನ ತಗೊಂಡು ತೊಳದು ಹಿಡದ್ರ ಅವ್ರು ಮ್ಯಾಲಿಂದ ಚಾ ಹೊಯ್ತಿದ್ರಂತ, ಕುಡದು ಮತ್ತ ತೊಳದು ಅಲ್ಲೇ ಸಿಕ್ಕಿಸಿ ಬರಬೇಕು. ಗ್ಲಾಸಿನ ಅಂಚು ಒಂದ್ ಕಡೆ ಒಡದಿತ್ತು, ತುಟಿಗೆ ಹತ್ತದಂಗ ತಿರುಗಿಸಿ ಕುಡೀತಿದ್ದೆ ಅಂತ ಅಜ್ಜಿ ಹೇಳ್ಯಾಳ. ಅದ ಕ್ಲಾಸಿನ ಇನ್ನೊಬ್ಬ ಹುಡುಗ ಬರದಿದ್ದ, ನಮ್ಮ ಅಜ್ಜಂದು ಬಸ್‌ಸ್ಟ್ಯಾಂಡಿನ್ಯಾಗ ಹೋಟೆಲ್ ಇತ್ತು, ಮಿರ್ಚಿ ಭಜಿಗೆ ಹೆಸರಾಗಿತ್ತು ಅಂತ.

ಹುಡುಗಿ ಎದ್ದು ನಿಂತು ಓದಿದ್ಲು. ಹುಡುಗ ಸುಮ್ನ ಕೇಳಿದ, ಮನಿಗೆ ಹೋಗಿ ಅಜ್ಜನ್ನ ಕೇಳ್ಯಾನ, ಅವತ್ತ್ ರಾತ್ರಿ ಮುದುಕ ಊಟ ಮಾಡ್ಲಿಲ್ಲಂತ. ಮರುದಿನ ಅವರಪ್ಪ ಸಾಲಿಗೆ ಬಂದ್ರು. "ಸರ, ನಮ್ಮ ಹುಡುಗ ಏನ್ ತಪ್ಪ್ ಮಾಡ್ಯಾನ್ರಿ? ಹಳೇದನ್ನೆಲ್ಲಾ ಯಾಕ ಕೆದಕ್ತೀರಿ?" ಸ್ಟಾಫ್‌ರೂಮಿನ್ಯಾಗೂ ಅದ ಮಾತು, ಪುಸ್ತಕದಾಗ ಇದ್ದಷ್ಟು ಕಲಿಸಿ ಕೈ ತೊಳಕೊಳ್ರಿ ಅಂದ್ರು.

ಇದ ಮಾತನ್ನ ನಾ ಎಲ್ಲೋ ಓದಿದ್ದೆನಲ್ಲಾ ಅನ್ನಿಸ್ತು, ನೆನಪಾತು, ಅಮೆರಿಕಾದ ಫ್ಲೋರಿಡಾ. ಅಲ್ಲಿ 2022ರಾಗ ಗವರ್ನರ್ ಡಿಸ್ಯಾಂಟಿಸ್ ಸಹಿ ಹಾಕಿದ ಕಾನೂನಿನ್ಯಾಗ, ತಮ್ಮ ಜನಾಂಗದವ್ರು ಹಿಂದ ಮಾಡಿದ್ದಕ್ಕ ಯಾವ ಹುಡುಗ್ರಿಗೂ ನೀವು ತಪ್ಪಿತಸ್ಥರು, ಸಂಕಟ ಪಡ್ರಿ ಅಂತ ಕಲಸಬಾರದು ಅಂತ ಐತಿ. ಮುಂದಿನ ವರ್ಷ ಜನವರಿಯಾಗ ಆಫ್ರಿಕನ್ ಅಮೆರಿಕನ್ ಸ್ಟಡೀಸ್ ಅನ್ನೋ ಹೊಸಾ ಎಪಿ ಕೋರ್ಸನ್ನ (ಹೈಸ್ಕೂಲಿನ್ಯಾಗ ಕಲಿಸೋ ಕಾಲೇಜ್ ಮಟ್ಟದ ಪಾಠ) ಆ ರಾಜ್ಯ ಬ್ಯಾಡ ಅಂತು. ಜುಲೈನ್ಯಾಗ ಬಂದ ಪಠ್ಯಕ್ರಮದಾಗಂತೂ ಗುಲಾಮರು ಕೆಲವು ಕಸುಬು ಕಲ್ತ್ರು, ಕೆಲವೊಮ್ಮೆ ಅದು ಅವ್ರ ಲಾಭಕ್ಕೂ ಆತು ಅಂತ ಬರದಿದ್ರು, ದೇಶೆಲ್ಲಾ ಗದ್ದಲ ಆತು. ಓದಿ ನನಗ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು, ಮಾರಿದ ಮನಶ್ಯಾಗ ಲಾಭದ ಲೆಕ್ಕ ಹೇಳೂದಂದ್ರ ಏನ್ರಿ! ಕರಿಯರ ಇತಿಹಾಸ ಕಲಸಬೇಕು ಅಂತ 1994ರಾಗ ಕಾನೂನು ಮಾಡಿದ್ದೂ ಇದ ಫ್ಲೋರಿಡಾನ.

ಒಕ್ಲಹೋಮಾದ ಟಲ್ಸಾ ಊರಾಗ 1921ರಾಗ ಬಿಳಿಯರ ಗುಂಪು ಗ್ರೀನ್‌ವುಡ್ ಅನ್ನೋ ಕರಿಯರ ಓಣಿನ್ನ ಸುಟ್ಟು ಬೂದಿ ಮಾಡ್ತು, ಆಮ್ಯಾಲೆ ಎಷ್ಟೋ ದಶಕ ಸಾಲ್ಯಾಗ ಅದರ ಮಾತ ಇದ್ದಿದ್ದಿಲ್ಲ, ಅದ ಊರಾಗ ಬೆಳದ ಮಕ್ಕಳಿಗೂ ಗೊತ್ತಿದ್ದಿಲ್ಲ. ನೂರು ವರ್ಷ ತುಂಬಿದ 2021ರಾಗ ಆ ರಾಜ್ಯನೂ ಫ್ಲೋರಿಡಾದಂಥಾದ್ದ ಒಂದ್ ಕಾನೂನು ತಂತು.

ಆ ತಂದಿ ಚಿಂತಿ ಸುಳ್ಳಲ್ರಿ. ಜಾತಿ ಹಿಡದು ಹುಡುಗನ್ನ ನಿಂದ್ರಿಸಿ ನಾಚಿಕಿ ಪಡಿಸೋ ಮಾಸ್ತರು ಇರಬಾರದು, ನಾನೂ ಒಪ್ತೀನಿ. ಆದ್ರ ನಾವು ಕೆರಿ ನೀರು ದಲಿತರಿಗೂ ಸಿಗಬೇಕು ಅಂತ ಅಂಬೇಡ್ಕರ್ ಮಹಾರಾಷ್ಟ್ರದಾಗ ಮಾಡಿದ 1927ರ ಮಹಾಡ್ ಕೆರಿ ಸತ್ಯಾಗ್ರಹ ವರ್ಷಾ ಕಲಸ್ತೀವಿ, ಒಬ್ಬ ಪಾಲಕರೂ ಬಂದು ಕೇಳಿಲ್ಲ, ಯಾಕಂದ್ರ ಮಹಾಡ್ ದೂರ ಐತಿ. ನಮ್ಮ ತಾಲೂಕಿನ ಮರಕುಂಬಿ ಹೆಸರು ತಗದ್ರ ಎಲ್ಲಾರೂ ಬಾಗಲ ಕಡೆ ನೋಡ್ತಾರ. 2014ರಾಗ ಅಲ್ಲಿ ದಲಿತರ ಮನಿಗೆ ಬೆಂಕಿ ಹಚ್ಚಿದ್ರು, ಅದರ ಹಿಂದ ಇದ್ದದ್ದೂ ಕಟಿಂಗ್ ಶಾಪು ಹೋಟೆಲ್ ಒಳಗ ಬಿಡೂದಿಲ್ಲ ಅನ್ನೋ ತಕರಾರ. 2024ರ ಅಕ್ಟೋಬರಿನ್ಯಾಗ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಿಯಾಪುರದಾಗ 2021ರಾಗ ದಲಿತರ ಎರಡ್ ವರ್ಷದ ಕೂಸು ಹನುಮಪ್ಪನ ಗುಡಿಯೊಳಗ ಓಡಿ ಹೋತು ಅಂತ ಅವರಪ್ಪಗ ದಂಡ ಕೇಳಿದ್ರು, ಅದೂ ನಮ್ಮ ಕೊಪ್ಪಳ ಜಿಲ್ಲಾನ. ಇವನ್ನ ಹಳೇದು ಅಂತ ಹ್ಯಾಂಗ ಅನ್ನೂದು?

ಅವರಪ್ಪಗ ನಾ ಇಷ್ಟ ಹೇಳಿದೆ, ಅಣ್ಣಾ, ನಿಮ್ಮ ಹುಡುಗಂದು ಒಂದ್ ಕೂದಲಷ್ಟೂ ತಪ್ಪಿಲ್ಲ, ಅಂವ ಯಾರೂ ಕೇಳದ್ದನ್ನ ಕೇಳ್ಯಾನ, ಅದಕ್ಕ ನಾ ಅವನ ಬೆನ್ನು ತಟ್ತೀನಿ. ಅವ್ರು ಏನೂ ಮಾತಾಡಲಿಲ್ಲ, ಚಾ ಕುಡದು ಹೋದ್ರು.

ನಾಕ್ ದಿವಸಕ್ಕ ಹುಡುಗ ಇನ್ನೊಂದ್ ಹಾಳಿ ಬರಕೊಂಡ್ ಬಂದ. ಸೂರಾಗ ಆರು ಗ್ಲಾಸು ಇದ್ದುವು, ಒಳಗಿನವಕ್ಕಿಂತ ಸಣ್ಣವು, ರೊಕ್ಕ ಮಾತ್ರ ಒಂದ ತಗೋತಿದ್ವಿ ಅಂತ ಅಜ್ಜ ತಾನಾಗಿ ಹೇಳ್ಯಾನ. ಕ್ಲಾಸಿನ್ಯಾಗ ಓದಲೇನ್ರಿ ಸರ ಅಂತ ಕೇಳಿದ. ಸೋಮವಾರ ಮೊದಲನೇ ಪೀರಿಯಡ್ ಅವಂದು.