ಪ್ರಶ್ನೆಯ ಕೊನೆಯ ‘ಆ’

ಶುಶ್ರೂಷಕಿಯರಿಗೆ ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಕಲಿಸಲು ತೊಡಗಿದ ಹೊಸದರಲ್ಲಿ ನಾನು ಬೋರ್ಡಿನ ಮೇಲೆ ‘ಪ್ರೇರಣಾತ್ಮಕ ಸಂದರ್ಶನ’ ಎಂದು ಬರೆಯುತ್ತಿದ್ದೆ. ಸಂದರ್ಶನ ಎಂದೊಡನೆ ಎಲ್ಲರಿಗೂ ನೌಕರಿಯ ಇಂಟರ್ವ್ಯೂ ನೆನಪಾಗಿ, ಪ್ರಶ್ನೆಗಳನ್ನು ಬರೆದುಕೊಳ್ಳಲು ಪೆನ್ನು ತೆಗೆಯುತ್ತಿದ್ದರು. ಆ ಹೆಸರನ್ನು ಈಗ ಬಿಟ್ಟಿದ್ದೇನೆ. ಕುಡಿತವನ್ನೋ ಹೊಗೆಸೊಪ್ಪನ್ನೋ ಬಿಡಲು ರೋಗಿಗೆ ಇರುವ ಕಾರಣಗಳು ಅವರ ಬಾಯಿಂದಲೇ ಬರುವಂತೆ ನಡೆಸುವ ಮಾತುಕತೆ ಇದು ಎಂದು ಹೇಳಿಯೇ ಪಾಠ ಆರಂಭಿಸುತ್ತೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರ ಲೇಖನವೊಂದರಲ್ಲಿ, ಕುಡಿತದ ಸಮಸ್ಯೆ ಇರುವವರನ್ನೇ ಕುರಿತು, ಈ ವಿಧಾನವನ್ನು ಮೊದಲು ವಿವರಿಸಿದರು. ಅದರ ಒಳತಿರುಳು ವಾರ್ಡಿನಲ್ಲಿ ದಿನವೂ ಕಾಣುವಂಥದ್ದು. ಎರಡು ಮನಸ್ಸಿನಲ್ಲಿರುವ ರೋಗಿಯ ಎದುರು ನಾವು ಬಿಡುವ ಪರವಾಗಿ ವಾದಿಸಿದಷ್ಟೂ, ಕುಡಿತದ ಪರವಾದ ವಕಾಲತ್ತು ಅವರ ಪಾಲಿಗೆ ಉಳಿಯುತ್ತದೆ. “ಲಿವರ್ ಹಾಳಾಗಿದೆ, ಹೀಗೇ ಕುಡಿದರೆ ಹೆಂಡತಿ ಮಕ್ಕಳ ಗತಿ ಏನು?” ಎಂದು ಸಿಸ್ಟರ್ ಕೇಳುವುದು ಕಾಳಜಿಯಿಂದಲೇ. “ಆಯ್ತು ಸಿಸ್ಟರ್, ಇನ್ನು ಮುಟ್ಟಲ್ಲ” ಎನ್ನುತ್ತಾರೆ ಅವರು, ಮಾತು ಅಲ್ಲಿಗೇ ಮುಗಿಯಲಿ ಎಂದು.

ಆದ್ದರಿಂದ ನನ್ನ ತರಗತಿಯಲ್ಲಿ ಮೊದಲು ಬದಲಾಗುವುದು ಸಂಬೋಧನೆ. ಕುಡಿದು ಬಿದ್ದು ದಾಖಲಾದವರನ್ನು, ವಯಸ್ಸು ಎಷ್ಟೇ ಇರಲಿ, ‘ನೀನು’ ಎಂದು ಕರೆಯುವ ರೂಢಿ ನಮ್ಮ ವಾರ್ಡುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ‘ನೀವು’ ಆಗದೆ ಮುಂದಿನ ಪಾಠ ನಡೆಯದು.

ಎರಡನೆಯದು ಪ್ರತಿಫಲನ, ಅಂದರೆ ಅವರು ಹೇಳಿದ್ದನ್ನೂ ಅದರ ಹಿಂದಿರುವ ಭಾವವನ್ನೂ ಅವರಿಗೇ ತಿರುಗಿ ಹೇಳುವುದು. ಕಲಿಸಲು ಅತ್ಯಂತ ಕಷ್ಟವಾದದ್ದು ಇದೇ. ಕಳೆದ ಬಾರಿ ರೋಗಿಯ ಪಾತ್ರ ವಹಿಸಿದ ಹಿರಿಯ ಸ್ಟಾಫ್ ನರ್ಸ್ ಒಬ್ಬರು, “ಗಾರೆ ಕೆಲಸ ಮುಗಿಸಿ ಬಂದ್ರೆ ಮೈಯೆಲ್ಲಾ ನೋವು, ಒಂದು ತೊಂಬತ್ತು ಹಾಕ್ದಿದ್ರೆ ನಿದ್ದೆ ಹತ್ತಲ್ಲ. ಮಗಳು ಮಾತ್ರ ಹತ್ರ ಬರಲ್ಲ” ಎಂದರು. “ಅದು ನಿಮಗೆ ನೋವಾಗಿದೆಯಾ?” ಎಂದು ಎದುರಿನವರು ಕೇಳಿದರು. “ಹೂಂ” ಎಂಬಷ್ಟೇ ಉತ್ತರ ಬಂತು. ಕೊನೆಯ ‘ಆ’ ಬಿಟ್ಟು, ದನಿ ಏರಿಸದೆ ಹೇಳಿ ನೋಡಿ ಎಂದೆ. “ಮಗಳು ಹತ್ರ ಬರದೇ ಇರೋದು ನಿಮಗೆ ನೋವಾಗಿದೆ.” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, “ಮೊದಲು ಬಾಗಿಲಲ್ಲೇ ಬಂದು ಊಟದ ಚೀಲ ಇಸ್ಕೊಳ್ತಿದ್ಳು. ಈಗ ವಾಸನೆ ಅಂತ ಒಳಗೆ ಹೋಗ್ತಾಳೆ” ಎಂಬ ಮಾತು ಬಂತು. ಅವರು ನಟಿಸುತ್ತಿದ್ದರು, ನಿಜ. ಆದರೂ ಆ ವಾಕ್ಯವನ್ನು ಅವರು ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ.

ಆ ‘ತೊಂಬತ್ತು’ ಕೂಡ ಗಮನಿಸಬೇಕಾದ ಮಾತು. ಸುಮಾರು 43% ಮದ್ಯಸಾರ ಇರುವ ವಿಸ್ಕಿ ಅಥವಾ ರಮ್ಮಿನ 90 ಮಿಲಿಯಲ್ಲಿ ಹೆಚ್ಚುಕಡಿಮೆ 30 ಗ್ರಾಂ ಆಲ್ಕೋಹಾಲ್ ಇರುತ್ತದೆ. 10 ಗ್ರಾಮಿಗೆ ಒಂದು ಡ್ರಿಂಕ್ ಎಂಬ ಲೆಕ್ಕದಲ್ಲಿ ಅದು ಮೂರು, ಕ್ವಾರ್ಟರ್ (180 ಮಿಲಿ) ಆದರೆ ಆರು. ಕುಡಿತ ಎಷ್ಟು ಅಪಾಯದ ಮಟ್ಟದಲ್ಲಿದೆ ಎಂದು ತಿಳಿಯಲು ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನಾವಳಿಯ 10 ಪ್ರಶ್ನೆಗಳಲ್ಲಿ ಮೂರನೆಯದು ಒಂದೇ ಬಾರಿಗೆ ಆರು ಅಥವಾ ಹೆಚ್ಚು ಡ್ರಿಂಕ್ ಕುಡಿಯುವುದನ್ನು ಕುರಿತದ್ದು. ‘ಒಂದೇ ಕ್ವಾರ್ಟರ್ ಅಷ್ಟೇ’ ಎಂಬ ಮಾತನ್ನು ಕಡಿಮೆ ಎಂದು ಬರೆದುಕೊಳ್ಳಬಾರದು. ಹೀಗೆ ದಿನವೂ ಕುಡಿಯುತ್ತಿದ್ದವರು ದಾಖಲಾದ ಮೇಲೆ ಕೈ ನಡುಗುತ್ತಾ ಬೆವರುತ್ತಿದ್ದರೆ, ಮಾತುಕತೆ ಆಮೇಲಾಗಲಿ, ಮೊದಲು ಡಾಕ್ಟರನ್ನು ಕರೆಯಬೇಕು. ಕುಡಿತ ಥಟ್ಟನೆ ನಿಂತಾಗ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಾಗಬಹುದು.

ಬಿಡುವುದು ಎಷ್ಟು ಮುಖ್ಯ ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುವ ಕ್ರಮವೂ ಇದೆ. ನಮ್ಮಲ್ಲಿ ಅದು ಪರೀಕ್ಷೆಯ ಮಾರ್ಕ್ಸಿನಂತೆ ಕೇಳಿಸಿ, ಸಿಸ್ಟರ್‌ಗೆ ಬೇಜಾರಾಗದಿರಲೆಂದು ಹಲವರು ಎಂಟೋ ಒಂಬತ್ತೋ ಹೇಳಿಬಿಡುತ್ತಾರೆ. “ಕಮ್ಮಿ ಹೇಳಿದರೂ ತಪ್ಪಿಲ್ಲ” ಎಂದು ಮೊದಲೇ ತಿಳಿಸಿದರೆ ನಾಲ್ಕು ಬರುತ್ತದೆ. ಆಗ ಹತ್ತು ಏಕಲ್ಲ ಎಂದು ಕೇಳದೆ, “ಎರಡು ಅನ್ನದೆ ನಾಲ್ಕು ಅಂದಿರಲ್ಲ, ಏನು ಕಾರಣ?” ಎಂದು ಕೇಳಬೇಕು. ಆ ಕಾರಣ ಅವರ ಬಾಯಿಂದ ಬರಲೆಂದೇ ಇಷ್ಟೆಲ್ಲ ಮಾತು.

ನನ್ನನ್ನು ಬಾಧಿಸುವ ಸಂಗತಿ ಬೇರೆಯೇ ಇದೆ. ತರಬೇತಿಗೆಂದು ಸಿಗುವುದು ಒಂದೇ ದಿನ. ಸಂಜೆ ಪ್ರಮಾಣಪತ್ರ, ಗುಂಪು ಫೋಟೋ, ಅಲ್ಲಿಗೆ ಮುಗಿಯಿತು. ಕಾರ್ಯಾಗಾರದ ನಂತರವೂ ತಿದ್ದುವವರು ಜೊತೆಗಿದ್ದರೆ ಕಲಿತದ್ದು ಹೆಚ್ಚು ಚೆನ್ನಾಗಿ ಉಳಿಯುತ್ತದೆ ಎಂಬುದನ್ನು ಮಿಲ್ಲರ್ ಮತ್ತು ಸಂಗಡಿಗರೇ 2004ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೀಗಾಗಿ ಹದಿನೈದು ದಿನಕ್ಕೊಮ್ಮೆ ನಾನೇ ಹೋಗಿ, ರೋಗಿಯ ಒಪ್ಪಿಗೆ ಪಡೆದು, ಡ್ರೆಸ್ಸಿಂಗ್ ಮಾಡುವಾಗ ಪಕ್ಕದಲ್ಲಿ ಕೂರುತ್ತೇನೆ. ಹಾಳೆಯ ಮೇಲೆ ಪ್ರಶ್ನೆಗೊಂದು ಗೀಟು, ಪ್ರತಿಫಲನಕ್ಕೊಂದು ಸೊನ್ನೆ. ಗೀಟಿಗಿಂತ ಸೊನ್ನೆ ಹೆಚ್ಚಬೇಕು. ಮೊದಲ ಹಾಳೆಯಲ್ಲಿ ಹದಿನಾಲ್ಕು ಗೀಟು, ಒಂದು ಸೊನ್ನೆ ಇದ್ದವರೊಬ್ಬರು ಮೂರನೆಯ ಸಲ ಆರು ಗೀಟಿಗೆ ಐದು ಸೊನ್ನೆಯವರೆಗೆ ಬಂದಿದ್ದಾರೆ. ಈ ತಿಂಗಳಿನಿಂದ ನೈಟ್ ಡ್ಯೂಟಿಗೂ ಬನ್ನಿ ಎಂದು ಅವರೇ ಕೇಳಿದರು. ಜೊತೆಗಿರುವ ಮನೆಯವರು ಮಲಗಿದ ಮೇಲೆ, ಹನ್ನೊಂದರ ಬಿಪಿ ನೋಡುವ ಹೊತ್ತಿಗೆ ರೋಗಿಗಳು ತಾವಾಗಿಯೇ ಮಾತು ತೆಗೆಯುತ್ತಾರಂತೆ.